ಊರ ಬಾಗಿಲಲ್ಲಿ ನಿಂತ ಚಕ್ರ

ಉಚ್ಚಿಲದ ಮಹಾಲಕ್ಷ್ಮೀ ದೇವಸ್ಥಾನದ ಎದುರಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಬಸ್ಸುಗಳ ಗದ್ದಲ ಏರುವ ಮೊದಲೇ ರೋಡ್ ಬೈಕುಗಳು ಸಾಗುತ್ತವೆ. ಉಡುಪಿ, ಮಣಿಪಾಲ, ಕಾಪು ಕಡೆಯಿಂದ ಬಂದವರು ಪಡುಬಿದ್ರಿಯಲ್ಲಿ ಎಡಕ್ಕೆ ಹೊರಳಿ, ಬೆಳ್ಮಣ್, ನಿಟ್ಟೆ ದಾಟಿ ಕಾರ್ಕಳ ಸೇರುತ್ತಾರೆ. ಚಹಾಕ್ಕೆ ನಿಂತಲ್ಲಿ ಮಾತು ಹೆಚ್ಚಾಗಿ ಗಾಲಿಗಳದ್ದೇ. ಅಲ್ಯೂಮಿನಿಯಂ ಸಾಕೇ, ಕಾರ್ಬನ್ ಬೇಕೇ? ರಿಮ್ಮಿನ ಆಳ 40 ಮಿ.ಮೀ. ಇರಲೇ, 50 ಇರಲೇ? ಯಾವುದು ಹೆಚ್ಚು ಸ್ಟಿಫ್? ಒಂದು ಜೊತೆ ಕಾರ್ಬನ್ ಗಾಲಿಗೆ ಅರ್ಧ ಲಕ್ಷದಿಂದ ಎರಡು ಮೂರು ಲಕ್ಷದವರೆಗೂ ಬೆಲೆ ಇದೆ. ಇಡೀ ಸೈಕಲ್ಲಿಗೆ ಕೊಟ್ಟಷ್ಟೇ ಹಣವನ್ನು ಎರಡು ಗಾಲಿಗಳ ಮೇಲೆ ಹಾಕುವುದು ಈಗ ಅಪರೂಪವಲ್ಲ.

ಮೇಲ್ನೋಟಕ್ಕೆ ಇದು ಯಂತ್ರದ ಲೆಕ್ಕ. ಆದರೆ ಅದರೊಳಗೆ ಹಳೆಯ ಪ್ರಶ್ನೆಯೊಂದು ಕೂತಿದೆ: ಒಳ್ಳೆಯ ಉಪಕರಣವನ್ನು ಬಯಸುವುದರಲ್ಲಿ ತಪ್ಪಿದೆಯೇ? ಇಲ್ಲವೆಂದಾದರೆ ಆ ಬಯಕೆ ಎಲ್ಲಿಗೆ ನಿಲ್ಲಬೇಕು? ಈ ಸವಾರರು ಹೋಗಿ ತಲುಪುವ ಊರಿನ ಬೆಟ್ಟದ ಮೇಲೆಯೇ ಆ ಪ್ರಶ್ನೆಯನ್ನು ಕೊನೆಯವರೆಗೂ ಎದುರಿಸಿದವನ ಮೂರ್ತಿ ಇದೆ. ಭೈರರಸ ವಂಶದ ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ, 42 ಅಡಿ ಎತ್ತರದ ಬಾಹುಬಲಿ.

ಬಾಹುಬಲಿಯ ಕಥೆ ಶುರುವಾಗುವುದೇ ಒಂದು ಚಕ್ರದಿಂದ. ಕ್ರಿ.ಶ. 941ರ ಸುಮಾರಿಗೆ ಪಂಪ ಬರೆದ ಆದಿಪುರಾಣದಲ್ಲಿ ಅಣ್ಣ ಭರತ ಚಕ್ರರತ್ನದ ಹಿಂದೆ ಹೊರಟು ಭೂಮಂಡಲವನ್ನೆಲ್ಲ ಗೆದ್ದು ಬರುತ್ತಾನೆ. ಅಯೋಧ್ಯೆಯ ಹೆಬ್ಬಾಗಿಲಿಗೆ ಬಂದಾಗ ಚಕ್ರ ಒಳಗೆ ಬರದೆ ನಿಂತುಬಿಡುತ್ತದೆ. ಗೆಲುವು ಇನ್ನೂ ಮುಗಿದಿಲ್ಲ, ತಮ್ಮಂದಿರು ತಲೆಬಾಗಿಲ್ಲ ಎಂಬುದು ಅದರ ಅರ್ಥವೆಂದು ತಿಳಿದವರು ವಿವರಿಸುತ್ತಾರೆ. ಉಳಿದ ತಮ್ಮಂದಿರು ರಾಜ್ಯ ಬಿಟ್ಟು ದೀಕ್ಷೆ ಹಿಡಿಯುತ್ತಾರೆ. ಬಾಹುಬಲಿ ಮಾತ್ರ ಎದುರು ನಿಲ್ಲುತ್ತಾನೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಸೋತ ಭರತ ಕೊನೆಗೆ ಚಕ್ರವನ್ನೇ ಪ್ರಯೋಗಿಸುತ್ತಾನೆ. ಅದು ಬಾಹುಬಲಿಗೆ ಸುತ್ತು ಬಂದು, ಏನೂ ಮಾಡದೆ ನಿಲ್ಲುತ್ತದೆ. ಗೆದ್ದವನು ಎಲ್ಲವನ್ನೂ ಬಿಟ್ಟು ತಪಸ್ಸಿಗೆ ಹೊರಡುತ್ತಾನೆ.

ಭರತ ಮನೆಗೆ ಬಂದಿದ್ದ. ದಣಿದಿದ್ದ. ಗೆಲ್ಲಬೇಕಾದ ನಾಡು ಇನ್ನೊಂದಿರಲಿಲ್ಲ. ಒಳಗೆ ಕಾಲಿಡದಂತೆ ಅವನನ್ನು ತಡೆದದ್ದು ಅವನದೇ ಸಂಪತ್ತು. ಚಕ್ರವರ್ತಿಯ 14 ರತ್ನಗಳಲ್ಲಿ ಅತ್ಯುತ್ತಮವಾದ ಆ ಚಕ್ರ, ಯಾರು ಶತ್ರು, ಎಷ್ಟು ಗೆದ್ದರೆ ಸಾಕು ಎಂಬುದನ್ನು ತಾನೇ ತೀರ್ಮಾನಿಸತೊಡಗಿತ್ತು. ಗಾಲಿ ಬದಲಿಸಿದವನಿಗೂ ಇದು ಗುರುತು ಸಿಗುವ ಅವಸ್ಥೆ. ಸ್ಟಿಫ್ ಗಾಲಿ ಬಂದ ಮೇಲೆ ಹಳೆಯ ಫ್ರೇಮ್ ಸಡಿಲವೆನಿಸುತ್ತದೆ. ಫ್ರೇಮ್ ಬಂದ ಮೇಲೆ ಹ್ಯಾಂಡಲ್‌ಬಾರ್, ಅದರ ಬೆನ್ನಿಗೆ ಇನ್ನೂ ಹಗುರವಾದ ಗಾಲಿ. ಪ್ರತಿ ಸಲ ವಸ್ತುವೇ ಮುಂದೆ ನಿಂತು, ಕೆಲಸ ಇನ್ನೂ ಬಾಕಿ ಇದೆ ಎನ್ನುತ್ತದೆ.

ಹಾಗೆಂದು ಗಾಲಿಯ ಗುಣವೆಲ್ಲ ಭ್ರಮೆ ಎಂದು ತಳ್ಳಿಹಾಕುವಂತಿಲ್ಲ. ಸೈಕಲ್ ಗಾಲಿ ಒಂದು ಅಚ್ಚರಿಯ ರಚನೆ. ರಥದ ಗಾಲಿಯಲ್ಲಿ ಭಾರ ಕೆಳಗಿನ ಮರದ ಅರೆಗಳ ಮೇಲೆ ಒತ್ತಿ ಕೂರುತ್ತದೆ. ಸೈಕಲ್ಲಿನ ತೆಳು ಉಕ್ಕಿನ ಕಡ್ಡಿ ಹಾಗೆ ಒತ್ತಿದರೆ ಬಾಗಿಹೋಗುತ್ತದೆ. ಎಳೆದು ಬಿಗಿದ ಕಡ್ಡಿಗಳಿಂದಲೇ ಗಾಲಿ ನಿಲ್ಲಿಸಬಹುದೆಂದು 1808ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲಿ, ಹಾರುವ ಯಂತ್ರಕ್ಕೆ ಹಗುರವಾದ ಗಾಲಿ ಹುಡುಕುತ್ತ, ಯೋಚಿಸಿದ್ದ. ಇಂದಿನ 24 ಕಡ್ಡಿಗಳ ಹಿಂಬದಿ ಗಾಲಿಯಲ್ಲಿ ಒಂದೊಂದು ಕಡ್ಡಿಯ ಸೆಳೆತ ಬಲಬದಿಯಲ್ಲಿ ನೂರು ಕಿಲೋ ದಾಟುತ್ತದೆ. ಎಲ್ಲ ಸೇರಿಸಿದರೆ ಸುಮಾರು ಎರಡು ಟನ್. ಸವಾರ ಕೂತಾಗ ನೆಲದ ಹತ್ತಿರದ ಕೆಲವು ಕಡ್ಡಿಗಳ ಸೆಳೆತ ಸ್ವಲ್ಪ ಸಡಿಲುತ್ತದೆ, ಉಳಿದವು ಬಹುಮಟ್ಟಿಗೆ ಇದ್ದಂತೆಯೇ ಇರುತ್ತವೆ. 1981ರಲ್ಲಿ ಬಂದ ಜಾಬ್‌ಸ್ಟ್ ಬ್ರ್ಯಾಂಟ್‌ರ ‘ದಿ ಬೈಸಿಕಲ್ ವೀಲ್’ ಪುಸ್ತಕ ಇದನ್ನು ಲೆಕ್ಕ ಹಾಕಿ ತೋರಿಸಿತು. ಮೊದಲೇ ತುಂಬಿಟ್ಟ ಸೆಳೆತದಿಂದ ಒಂದಿಷ್ಟನ್ನು ಬಿಟ್ಟುಕೊಡುವುದರಿಂದ ಗಾಲಿ ಭಾರ ಹೊರುತ್ತದೆ.

ಬಿಗಿ ಬೇಕಾಗುವುದು ಮುಖ್ಯವಾಗಿ ಅಡ್ಡದಿಕ್ಕಿಗೆ. ಸವಾರ ಸೀಟಿನಿಂದ ಎದ್ದು ನಿಂತು ಪೆಡಲ್ ತುಳಿದಾಗ ಸೈಕಲ್ ಎಡಬಲಕ್ಕೆ ತೂಗುತ್ತದೆ, ಗಾಲಿ ಪಕ್ಕಕ್ಕೆ ವಾಲಲು ನೋಡುತ್ತದೆ. ಆಳವಾದ ಕಾರ್ಬನ್ ರಿಮ್ ಇದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ರಿಮ್ಮಿನ ಬಿಗಿಯೊಂದೇ ಸಾಲದು. ಹಿಂದಿನ ಗಾಲಿಯಲ್ಲಿ ಗೇರಿನ ಹಲ್ಲುಚಕ್ರಗಳಿಗೆ ಜಾಗ ಬಿಡಬೇಕಾದ್ದರಿಂದ ಬಲಬದಿಯ ಕಡ್ಡಿಗಳು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತವೆ. ಎಡಬದಿಯವುಗಳ ಸೆಳೆತ ಅವುಗಳ ಅರ್ಧದಷ್ಟಕ್ಕೆ ಇಳಿಯುವುದೂ ಉಂಟು. ಆಗ ಒಂದು ವಿಚಿತ್ರ ನಡೆಯುತ್ತದೆ. ರಿಮ್ ತಾನು ಬಾಗದೆ ಇಡಿಯಾಗಿ ಓರೆಯಾಗುತ್ತದೆ: ನೆಲದ ಬಳಿ ಒಂದು ಕಡೆಗೆ ಸರಿದರೆ ಮೇಲ್ಭಾಗ ಇನ್ನೊಂದು ಕಡೆಗೆ ಸರಿದು, ರಿಮ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ಬ್ರೇಕ್ ರಬ್ಬರಿಗೆ ಸರ್ ಸರ್ ಎಂದು ಉಜ್ಜುತ್ತದೆ. ದುಬಾರಿ ಗಾಲಿಯೇ ಸಡಿಲವೆಂದು ಸವಾರ ಗೊಂದಲಕ್ಕೆ ಬೀಳುತ್ತಾನೆ. ಒಂದು ಭಾಗವನ್ನು ಎಷ್ಟೇ ಬಿಗಿ ಮಾಡಿದರೂ ಬಾಗುವಿಕೆ ಮಾಯವಾಗುವುದಿಲ್ಲ, ಪಕ್ಕದ ಭಾಗಕ್ಕೆ ಹೋಗುತ್ತದೆ.

ಗಾಲಿಯ ಗುಣ ಕಣ್ಣಿಗೆ ಬೀಳುವುದಿಲ್ಲ ಎಂಬುದಕ್ಕೆ ಬೌದ್ಧರ ಅಂಗುತ್ತರ ನಿಕಾಯದಲ್ಲಿ ಒಂದು ಕಥೆಯಿದೆ. ಪಚೇತನನೆಂಬ ರಾಜ ತನ್ನ ರಥಕಾರನನ್ನು ಕರೆದು, ಆರು ತಿಂಗಳಿಗೆ ಯುದ್ಧ ಇದೆ, ಅಷ್ಟರೊಳಗೆ ಹೊಸ ಜೊತೆ ಗಾಲಿ ಬೇಕು ಎಂದ. ಆರೇ ದಿನ ಉಳಿದಿರುವಾಗ ಒಂದು ಗಾಲಿ ಮಾತ್ರ ಸಿದ್ಧವಾಗಿತ್ತು. ಎರಡನೆಯದನ್ನು ರಥಕಾರ ಆ ಆರು ದಿನಗಳಲ್ಲಿ ಮುಗಿಸಿದ. ರಾಜನಿಗೆ ಎರಡರ ನಡುವೆ ಒಂದು ಕೂದಲಿನ ವ್ಯತ್ಯಾಸವೂ ಕಾಣಲಿಲ್ಲ. ರಥಕಾರ ಎರಡನ್ನೂ ಉರುಳಿಸಿ ತೋರಿಸಿದ. ಆರು ದಿನದ ಗಾಲಿ, ತಳ್ಳಿದ ಬಲ ಇರುವಷ್ಟು ದೂರ ಹೋಗಿ, ತಿರುಗಿ ನೆಲಕ್ಕೆ ಬಿತ್ತು. ಇನ್ನೊಂದು ಅಷ್ಟೇ ದೂರ ಹೋಗಿ, ಅಚ್ಚಿಗೆ ಕೂರಿಸಿದಂತೆ ನಿಂತುಕೊಂಡಿತು. ಆರು ದಿನದ ಗಾಲಿಯ ನೇಮಿ, ಅರೆ, ನಾಭಿ ಮೂರರಲ್ಲೂ ಡೊಂಕು ಉಳಿದಿತ್ತು. ಹಿಂದಿನ ಜನ್ಮದಲ್ಲಿ ಆ ರಥಕಾರ ನಾನೇ ಆಗಿದ್ದೆ ಎಂದು ಬುದ್ಧ ಭಿಕ್ಷುಗಳಿಗೆ ಹೇಳುತ್ತಾನೆ. ಆಗ ಮರದ ಡೊಂಕು ತಿದ್ದುವ ಕೌಶಲವಿತ್ತು, ಈಗ ಕಾಯ, ಮಾತು, ಮನಸ್ಸುಗಳ ಡೊಂಕು ತಿದ್ದುವ ಕೌಶಲವಿದೆ ಎಂದು.

ವೈರಾಗ್ಯ ಬೋಧಿಸುವ ಗ್ರಂಥ ಇದು. ಆದರೂ ಕೆಟ್ಟ ಗಾಲಿಯನ್ನು ಸಹಿಸಿಕೋ ಎಂದು ಅದು ಹೇಳುವುದಿಲ್ಲ. ಒಂದೇ ಒಂದು ಗಾಲಿಗೆ ಆರು ದಿನ ಕಡಿಮೆ ಆರು ತಿಂಗಳು ಹಿಡಿದವನನ್ನು ಅದು ದೊಡ್ಡವನನ್ನಾಗಿ ಕಾಣುತ್ತದೆ. ಇದನ್ನು ಉಚ್ಚಿಲದ ಸವಾರನಿಗೆ ಅನ್ವಯಿಸಿದರೆ ಒಂದು ವಿಷಯ ಸ್ಪಷ್ಟ: ಮಾಲಿನ ಹೆಸರಿಗಿಂತ ಕಟ್ಟಿದ ಕೈಗೆ ಬೆಲೆ ಹೆಚ್ಚು. ಒಂದೇ ಬದಿಯ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿದರೆ, ಚೆನ್ನಾಗಿ ಕಟ್ಟಿದ ಗಾಲಿಯಲ್ಲಿ ಸ್ವರ ಹೆಚ್ಚುಕಡಿಮೆ ಒಂದೇ ಬರುತ್ತದೆ. ಎಲ್ಲೋ ಒಂದು ಕಡ್ಡಿ ಮಂದವಾಗಿ ಮಿಡಿದರೆ ಅಲ್ಲಿ ಸೆಳೆತ ಕಡಿಮೆ. ರಿಮ್ ನೆಟ್ಟಗೆ ತಿರುಗುತ್ತಿದ್ದರೂ ಸೆಳೆತ ಸಮವಿಲ್ಲದಿದ್ದರೆ ಕೆಲವೇ ದಿನಗಳಲ್ಲಿ ಬೆಂಡ್ ಕಾಣಿಸಿಕೊಳ್ಳುತ್ತದೆ. ಪಳಗಿದ ಕೈ 28 ಕಡ್ಡಿ ಹಾಕಿ ಕಟ್ಟಿದ ಅಲ್ಯೂಮಿನಿಯಂ ಗಾಲಿ, ಅವಸರದಲ್ಲಿ ಕಟ್ಟಿದ ಕಾರ್ಬನ್ ಗಾಲಿಗಿಂತ ಎಷ್ಟೋ ಮೇಲು.

ಬಿಗಿಯ ಜೊತೆಗೆ ಮೆತ್ತನೆಯೂ ಬೇಕೆಂಬುದು ಕಾರ್ಕಳದವರಿಗೆ ಹೊಸ ಸಂಗತಿಯಲ್ಲ. ಬಾಹುಬಲಿಯ ಮೂರ್ತಿಯನ್ನು ಬೆಟ್ಟಕ್ಕೆ ಏರಿಸಿದ ಬಗೆಯ ಐತಿಹ್ಯವೊಂದು 19ನೇ ಶತಮಾನದ ಬ್ರಿಟಿಷ್ ಬರಹಗಳಲ್ಲಿ ದಾಖಲಾಗಿದೆ. ಸುಮಾರು 80 ಟನ್ ಎಂದು ಅಂದಾಜಿಸಿದ ಆ ಕಲ್ಲನ್ನು ಉಕ್ಕಿನ ಗಾಲಿಗಳಿದ್ದ 20 ಕಬ್ಬಿಣದ ಬಂಡಿಗಳ ಸಾಲಿನ ಮೇಲಿಟ್ಟು, ಸಾವಿರಾರು ತೆಂಗಿನಕಾಯಿ ಒಡೆದು, ರಾಶಿ ರಾಶಿ ಹತ್ತಿ ಹಾಸಿ, ಭಕ್ತರು ಇಳಿಜಾರಿನ ದಾರಿಯಲ್ಲಿ ಮೇಲಕ್ಕೆ ಎಳೆದರಂತೆ. ಆ ಕಥೆಯಲ್ಲಿ ಬಾಗದ ಉಕ್ಕೂ ಇದೆ, ಆಘಾತ ನುಂಗುವ ಹತ್ತಿಯೂ ಇದೆ. ಸೈಕಲ್ಲಿನಲ್ಲಿ ಹತ್ತಿಯ ಕೆಲಸ ಟೈರಿನದು. ಹಳ್ಳ ಬಂದಾಗ ಟೈರ್ ಹಲವು ಮಿಲಿಮೀಟರ್ ಕುಗ್ಗುತ್ತದೆ. ರಿಮ್ ಸಾಮಾನ್ಯವಾಗಿ ಒಂದು ಮಿಲಿಮೀಟರಿನಷ್ಟೂ ಬಗ್ಗುವುದಿಲ್ಲ. ಆದ್ದರಿಂದ ಸ್ಟಿಫ್ ಗಾಲಿ ಬೆನ್ನು ನೋಯಿಸುತ್ತದೆ ಎಂಬ ದೂರಿಗೆ ಪರಿಹಾರ ಬಹುತೇಕ ಗಾಳಿಯಲ್ಲೇ ಇದೆ. ಹಿಂದೆ 23 ಮಿ.ಮೀ. ಟೈರಿಗೆ ಎಂಟು ಬಾರ್ ಒತ್ತಡ ತುಂಬುತ್ತಿದ್ದ ರೇಸ್ ಸವಾರರು ಈಗ 28, 30 ಮಿ.ಮೀ. ಟೈರಿಗೆ ನಾಲ್ಕೈದು ಬಾರ್ ಸಾಕೆನ್ನುತ್ತಾರೆ. ಈ ಬದಲಾವಣೆಗೆ ಬೇಕಾದ ಖರ್ಚು, ಕಾರ್ಬನ್ ಗಾಲಿಯ ಬೆಲೆಯ ಒಂದು ಸಣ್ಣ ಪಾಲು.

ಇನ್ನು ತೂಕ. ಸಾಧಾರಣ ಅಲ್ಯೂಮಿನಿಯಂ ಜೊತೆಗೂ ಒಳ್ಳೆಯ ಕಾರ್ಬನ್ ಜೊತೆಗೂ ಸುಮಾರು 300 ಗ್ರಾಂ ಅಂತರ ಎಂದಿಟ್ಟುಕೊಳ್ಳೋಣ. ಸವಾರ, ಸೈಕಲ್, ನೀರಿನ ಬಾಟಲಿ ಸೇರಿ 80 ಕಿಲೋ. ಆಗುಂಬೆ ಘಾಟಿಯ 14 ತಿರುವುಗಳಂಥ ಕಡಿದಾದ ಏರಿನಲ್ಲಿ ಶ್ರಮವೆಲ್ಲ ತೂಕ ಎತ್ತುವುದಕ್ಕೇ ಹೋಗುತ್ತದೆ ಎಂದುಕೊಂಡರೂ ಉಳಿತಾಯ ಶೇಕಡ 0.4ಕ್ಕಿಂತ ಕಡಿಮೆ. 40 ನಿಮಿಷದ ಏರಿಗೆ ಸುಮಾರು ಒಂಬತ್ತು ಸೆಕೆಂಡು. ಬಯಲಿನ ವೇಗದಲ್ಲಿ ಆಳ ರಿಮ್ ಗಾಳಿಯನ್ನು ಸೀಳಿ ನೆರವಾಗುತ್ತದೆ ನಿಜ. ಅದೇ ರಿಮ್ ಕಡಲ ಕಡೆಯಿಂದ ಬೀಸುವ ಅಡ್ಡಗಾಳಿಗೆ, ಪಕ್ಕದಲ್ಲೇ ನುಗ್ಗುವ ಎಕ್ಸ್‌ಪ್ರೆಸ್ ಬಸ್ಸಿನ ಹೊಡೆತಕ್ಕೆ ಮುಂದಿನ ಗಾಲಿಯನ್ನು ತಟ್ಟನೆ ತಿರುಗಿಸಲೂಬಹುದು.

ಒಂಬತ್ತು ಸೆಕೆಂಡು ಬಯಸುವುದು ಪಾಪವೇ?

ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಈ ವಿಷಯದಲ್ಲಿ ನಿಷ್ಠುರವೂ ಹೌದು, ಉದಾರವೂ ಹೌದು. ಅದರ ಪ್ರಕಾರ ಪರಿಗ್ರಹವಿರುವುದು ವಸ್ತುವಿನ ಮೇಲಿನ ಮೂರ್ಛೆಯಲ್ಲಿ, ಮೈಮರೆಸುವ ಮೋಹದಲ್ಲಿ. ಕೈಯಲ್ಲಿ ಏನೂ ಇಲ್ಲದವನೂ ಪರಿಗ್ರಹಿಯಾಗಿರಬಲ್ಲ. ರಾತ್ರಿಯೆಲ್ಲ ಮೊಬೈಲಿನಲ್ಲಿ ಗಾಲಿಗಳ ಚಿತ್ರ ನೋಡುತ್ತ ಒಂದನ್ನೂ ಕೊಳ್ಳದವನು ಈ ಲೆಕ್ಕದಲ್ಲಿ ಹೊರಗುಳಿಯುವುದಿಲ್ಲ. ಎಲ್ಲವನ್ನೂ ಬಿಡುವುದು ಮುನಿಗಳ ಮಹಾವ್ರತ. ಮನೆ ಮಠ ಇರುವ ಶ್ರಾವಕರಿಗೆ ಜೈನರು ಕೊಟ್ಟದ್ದು ಅಣುವ್ರತ. ಅದರಲ್ಲಿ ಐದನೆಯದು ಪರಿಗ್ರಹ ಪರಿಮಾಣ: ಹೊಲ, ಮನೆ, ಬೆಳ್ಳಿ, ಬಂಗಾರ, ದನ, ಧಾನ್ಯ, ಪಾತ್ರೆ ಪಗಡ ಎಷ್ಟಿದ್ದರೆ ಸಾಕೆಂದು ಮೊದಲೇ ನಿಗದಿ ಮಾಡಿಕೊಂಡು, ಅದರಾಚೆಗೆ ಕೈ ಚಾಚದಿರುವುದು.

‘ಮೊದಲೇ’ ಎಂಬಲ್ಲಿ ಈ ವ್ರತದ ಶಕ್ತಿಯಿದೆ. ವಸ್ತು ಎದುರಿಗೆ ಬಂದ ಮೇಲೆ ಹಾಕಿಕೊಳ್ಳುವ ಮಿತಿ ವಸ್ತುವಿನ ಅಳತೆಗೆ ತಕ್ಕಂತೆ ಹಿಗ್ಗುತ್ತದೆ. ಭರತನಿಗೆ ಆದದ್ದು ಅದೇ: ಎಷ್ಟು ಗೆದ್ದರೆ ಸಾಕೆಂದು ಹೊರಡುವಾಗ ಗೊತ್ತು ಮಾಡಿರಲಿಲ್ಲ, ಹಿಂದಿರುಗುವಾಗ ಅದನ್ನು ಚಕ್ರ ಗೊತ್ತು ಮಾಡಿತು. ಮನುಷ್ಯ ಮನಸ್ಸು ಇಲ್ಲಿ ಎಷ್ಟು ಜಾಣತನ ತೋರಿಸಬಲ್ಲದು ಎಂಬುದೂ ಹಳೆಯ ಆಚಾರ್ಯರಿಗೆ ತಿಳಿದಿತ್ತು. ವ್ರತದ ದೋಷಗಳನ್ನು ಪಟ್ಟಿ ಮಾಡುವಾಗ ಅವರು ಒಂದು ಉದಾಹರಣೆ ಕೊಡುತ್ತಾರೆ: ಒಂದೇ ಹೊಲವೆಂದು ಮಿತಿ ಹಾಕಿಕೊಂಡವನು ಪಕ್ಕದ ಹೊಲ ಕೊಂಡು, ನಡುವಿನ ಬೇಲಿ ಕಿತ್ತು, ಈಗಲೂ ಒಂದೇ ಹೊಲ ಎನ್ನುತ್ತಾನೆ. ಅದು ವ್ರತಕ್ಕೆ ಅತಿಚಾರ. ಹಳೆಯ ಗಾಲಿ ಮಳೆಗಾಲಕ್ಕೆ, ಹೊಸದು ಬೇಸಿಗೆಗೆ, ಸೈಕಲ್ ಮಾತ್ರ ಒಂದೇ ಎನ್ನುವವನು ಈ ಉದಾಹರಣೆಯನ್ನು ಓದಿದರೆ ಒಂದು ಕ್ಷಣ ನಿಲ್ಲಬೇಕಾಗುತ್ತದೆ.

ಇದಕ್ಕೆ ಎದುರು ವಾದವೂ ಇದೇ ನೆಲದಿಂದ ಬಂದಿದೆ. ಕಾರ್ಕಳಕ್ಕೆ ಹತ್ತಿರದ ಮೂಡುಬಿದಿರೆಯ ರತ್ನಾಕರವರ್ಣಿ 16ನೇ ಶತಮಾನದಲ್ಲಿ ‘ಭರತೇಶ ವೈಭವ’ ಬರೆದ. ಅವನ ಭರತ ಅರಮನೆ, ಸಂಗೀತ, ಊಟ, ರಾಣಿಯರ ನಡುವೆಯೇ ಇದ್ದು, ಒಳಗೆ ಯಾವುದಕ್ಕೂ ಅಂಟಿಕೊಳ್ಳದ ಯೋಗಿ. ವೈಭವವನ್ನು ಬಿಡದೆಯೂ ಬಿಡುಗಡೆ ಸಾಧ್ಯ ಎಂಬ ಈ ದೃಷ್ಟಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸಿರಿಯನ್ನು ದೇವಿಯಾಗಿ ಪೂಜಿಸುವ ಉಚ್ಚಿಲದಲ್ಲಿ, ಮೊಗವೀರ ಸಮುದಾಯ 2022ರಲ್ಲಿ ಹೊಸದಾಗಿ ಕಟ್ಟಿ ನಿಲ್ಲಿಸಿದ ಆ ಭವ್ಯ ಆಲಯದ ಎದುರು, ಸಂಪತ್ತೇ ಕೆಟ್ಟದ್ದು ಎಂದರೆ ಯಾರೂ ಒಪ್ಪಲಾರರು. ಆದರೆ ಮೋಹವಿಲ್ಲ ಎಂದು ಹೇಳುವುದು ಸುಲಭ. ಅದನ್ನು ಪರೀಕ್ಷಿಸುವುದು ಹೇಗೆ?

ಉಡುಪಿಯ ಪರ್ಯಾಯ ಒಂದು ಪರೀಕ್ಷೆಯನ್ನು ತೋರಿಸುತ್ತದೆ. ಅಷ್ಟಮಠಗಳಲ್ಲಿ ಕೃಷ್ಣಪೂಜೆಯ ಅಧಿಕಾರ ಎರಡೆರಡು ತಿಂಗಳಿಗೆ ಬದಲಾಗುತ್ತಿತ್ತು. ಯತಿ ವಾದಿರಾಜರು ಅದನ್ನು ಎರಡು ವರ್ಷಕ್ಕೆ ವಿಸ್ತರಿಸಿದರು. ಸಮಸಂಖ್ಯೆಯ ವರ್ಷಗಳ ಜನವರಿ 18ರಂದು, ಅವಧಿ ಮುಗಿಸಿದ ಯತಿಗಳು ಅಕ್ಷಯಪಾತ್ರೆ, ಸಟ್ಟುಗ, ಬೀಗದ ಕೀಲಿಗಳನ್ನು ಮುಂದಿನವರ ಕೈಗೆ ಕೊಟ್ಟು ಎದ್ದು ಬರುತ್ತಾರೆ. ಎರಡು ವರ್ಷ ಉತ್ಸವ, ಅನ್ನದಾನ, ರಥ ಯಾವುದಕ್ಕೂ ಕೊರತೆ ಇರುವುದಿಲ್ಲ. ಬಿಟ್ಟುಕೊಡುವ ದಿನ ಮಾತ್ರ ಪಡೆದ ದಿನವೇ ಗೊತ್ತಿರುತ್ತದೆ. ದುಬಾರಿ ಗಾಲಿ ಕೊಂಡವನು ತನಗೆ ಮೋಹವಿಲ್ಲ ಎನ್ನುವುದಾದರೆ ಅದನ್ನು ಗೆಳೆಯನ ಸೈಕಲ್ಲಿಗೆ ಒಂದು ಭಾನುವಾರ ಹಾಕಿಕೊಡಬಲ್ಲನೇ? ಇಂತಿಷ್ಟು ವರ್ಷದ ಮೇಲೆ ಮಣಿಪಾಲದ ಯಾವುದೋ ಕಲಿಯುವ ಹುಡುಗಿಗೆ ದಾಟಿಸುತ್ತೇನೆ ಎಂದು ಕೊಂಡ ದಿನವೇ ತೀರ್ಮಾನಿಸಬಲ್ಲನೇ?

ಸ್ಪರ್ಧಿಗಳ ಮಾತು ಬೇರೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದಶಕಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳನ್ನು ಕೊಟ್ಟಿವೆ. ಅಲ್ಲಿನ ರೈತರ ಮಕ್ಕಳಿಗೆ ಒಂಬತ್ತು ಸೆಕೆಂಡು ಎಂದರೆ ಪದಕ, ಪದಕ ಎಂದರೆ ಕೆಲಸ. ಅವರಿಗೆ ಸ್ಟಿಫ್ ಗಾಲಿ ಕಸುಬಿನ ಉಪಕರಣ, ಮೀನುಗಾರನಿಗೆ ಬಲೆ ಇದ್ದಂತೆ. ಕುತೂಹಲದ ಸಂಗತಿಯೆಂದರೆ, ಆ ಕ್ರೀಡೆಯೂ ತನಗೊಂದು ಪರಿಮಾಣ ಹಾಕಿಕೊಂಡಿದೆ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ದಿಂದ ರೇಸ್ ಸೈಕಲ್ಲಿಗೆ 6.8 ಕಿಲೋ ಕನಿಷ್ಠ ತೂಕ ನಿಗದಿ ಮಾಡಿದೆ. ಅದಕ್ಕಿಂತ ಹಗುರವಾದದ್ದನ್ನು ಕಟ್ಟಬಲ್ಲವರಿದ್ದರೂ ರೇಸಿನಲ್ಲಿ ಅದಕ್ಕೆ ಜಾಗವಿಲ್ಲ. ಹಗುರ ಮಾಡುವ ಓಟಕ್ಕೆ ತಾನಾಗಿ ಕೊನೆಯಿಲ್ಲ ಎಂಬುದನ್ನು ಕಂಡುಕೊಂಡವರೇ ಆ ಗೆರೆ ಎಳೆದರು.

ಕರಾವಳಿಯ ಸವಾರನೂ ಅಂಗಡಿಯ ಬಾಗಿಲು ತಟ್ಟುವ ಮೊದಲು ತನ್ನ ಗೆರೆ ಎಳೆದುಕೊಳ್ಳಬಹುದು: ಇಷ್ಟು ಬೆಲೆ, ಒಂದೇ ಜೊತೆ, ಕಡಿಮೆಯೆಂದರೆ ಇಷ್ಟು ವರ್ಷ. ವರ್ಷಕ್ಕೆ 4,000 ಮಿ.ಮೀ. ದಾಟುವ ಈ ಜಿಲ್ಲೆಯ ಮಳೆಯಲ್ಲಿ ಕಾರ್ಬನ್ ರಿಮ್ಮನ್ನು ರಿಮ್ ಬ್ರೇಕಿನಿಂದ ಹಿಡಿಯುವುದಕ್ಕಿಂತ ಡಿಸ್ಕ್ ಬ್ರೇಕ್ ಕ್ಷೇಮ ಎಂಬುದು ಆ ಗೆರೆಯೊಳಗೆ ಬರುತ್ತದೆ. ಉಪ್ಪಿನ ಗಾಳಿಯೂ ಬರುತ್ತದೆ: ಕಾರ್ಬನ್ ಮತ್ತು ಅಲ್ಯೂಮಿನಿಯಂ ತಾಗಿರುವಲ್ಲಿ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ಕಡ್ಡಿಯ ತುದಿ ಹಿಡಿದಿರುವ ಅಲ್ಯೂಮಿನಿಯಂ ನಿಪ್ಪಲ್‌ಗಳು ಬಿಳಿ ಹುಡಿಯಾಗಿ ಉದುರುವುದು ಹೀಗೆ. ಹಿತ್ತಾಳೆಯ ನಿಪ್ಪಲ್ ತುಸುವೇ ಹೆಚ್ಚು ಭಾರ, ಬಾಳಿಕೆ ಹೆಚ್ಚು.

ಗೆರೆಯೊಳಗೆ ಬರಬೇಕಾದ ಇನ್ನೂ ಒಂದು ಸಂಗತಿಯನ್ನು ಖರೀದಿಯ ಮಾತುಕತೆಯಲ್ಲಿ ಯಾರೂ ಎತ್ತುವುದಿಲ್ಲ. ಹೆದ್ದಾರಿಯ ಗುಂಡಿಗೆ ಬಿದ್ದ ಅಲ್ಯೂಮಿನಿಯಂ ರಿಮ್ ಬಾಗುತ್ತದೆ. ಬೆಂಡ್ ತೆಗೆಯಲು ಆಗದಿದ್ದರೆ ಗುಜರಿಗೆ ಹೋಗಿ, ಕರಗಿ, ಮತ್ತೆ ಅಲ್ಯೂಮಿನಿಯಂ ಆಗುತ್ತದೆ. ಕಾರ್ಬನ್ ರಿಮ್ ಬಿರುಕು ಬಿಡುತ್ತದೆ. ನೂಲುಗಳನ್ನು ಹಿಡಿದಿರುವ ಎಪಾಕ್ಸಿ ಅಂಟು ಒಮ್ಮೆ ಗಟ್ಟಿಯಾದ ಮೇಲೆ ಕರಗುವುದಿಲ್ಲ. ನೂಲು ಬೇರ್ಪಡಿಸುವ ವಿಧಾನಗಳಿವೆ, ಆದರೆ ಅವು ದೊಡ್ಡ ಕಾರ್ಖಾನೆಗಳ ಕೆಲಸ. ಅಹಿಂಸೆಯಿಂದ ಹುಟ್ಟಿದ ಅಪರಿಗ್ರಹಕ್ಕೆ ಇದು ಅಪ್ರಸ್ತುತ ವಿವರವಲ್ಲ, ಏಕೆಂದರೆ ಮಾಲೀಕನ ಮೋಹ ಮುಗಿದ ಮೇಲೂ ಆ ವಸ್ತು ಮಣ್ಣಿನಲ್ಲಿ ಉಳಿಯುತ್ತದೆ. ಬೆಲೆ, ಸಂಖ್ಯೆ, ಅವಧಿಗಳ ಜೊತೆಗೆ, ಒಡೆದ ರಿಮ್ಮನ್ನು ಮರಳಿ ಪಡೆಯುವ ಅಥವಾ ದುರಸ್ತಿ ಮಾಡಿಕೊಡುವ ತಯಾರಕರಿಂದಲೇ ಕೊಳ್ಳುತ್ತೇನೆ ಎಂಬುದನ್ನೂ ಸವಾರರು ತಮ್ಮ ಪರಿಮಾಣಕ್ಕೆ ಸೇರಿಸಿಕೊಳ್ಳಲಿ. ಚಹಾದಂಗಡಿಯ ಮುಂದಿನ ಚರ್ಚೆ ಸ್ಟಿಫ್‌ನೆಸ್‌ನ ಅಂಕಿಗಳ ಜೊತೆಗೆ ಈ ನಾಲ್ಕನ್ನೂ ಕೇಳುವಂತಾದರೆ, ಮಾರುವವರೂ ಅವುಗಳಿಗೆ ಉತ್ತರ ಹುಡುಕಬೇಕಾಗುತ್ತದೆ.